ಜೀಪಿನ ಎತ್ತರವೂ ಚಕ್ರದ ಹರವೂ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಒಂದು ಬಗೆಯ ವಾಹನವನ್ನು ನಮ್ಮ ವಾಚಕರು ಕಂಡೇ ಇರುತ್ತಾರೆ: ಮೈ ನೆಲದಿಂದ ಬಹಳ ಎತ್ತರದಲ್ಲಿದ್ದು, ದಪ್ಪ ಟೈರುಗಳು ಮಡ್‌ಗಾರ್ಡಿನಾಚೆ ಚಾಚಿಕೊಂಡಿರುವ ಜೀಪು ಅಥವಾ ಎಸ್‌ಯುವಿ. ಕಾರ್ಖಾನೆಯಿಂದ ಅದು ಹಾಗೆ ಬಂದುದಲ್ಲ. ಒಡೆಯನು ಅನಂತರ ಮಾಡಿಸಿಕೊಂಡ ಮಾರ್ಪಾಡು. ಕೆಂಗೇರಿಯನ್ನು ದಾಟಿ ಮಂಚನಬೆಲೆ, ಸಾವನದುರ್ಗಗಳ ಕಡೆಯ ಕಲ್ಲುದಾರಿ ಹಿಡಿಯಲು ಎತ್ತರ ಬೇಕೆಂಬುದು ಅವನ ಸಮರ್ಥನೆ. ಆ ಎತ್ತರಕ್ಕೆ ತೆರಬೇಕಾದ ಬೆಲೆಯನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ನಾವು ಲೆಕ್ಕ ಹಾಕಬಹುದು.

ಎತ್ತರ ಹೆಚ್ಚುವುದು ಎಲ್ಲಿ ಎಂಬುದನ್ನು ಮೊದಲು ನೋಡೋಣ. ಲಿಫ್ಟ್ ಕಿಟ್ ಎಂದರೆ ಉದ್ದನೆಯ ಸ್ಪ್ರಿಂಗುಗಳು ಅಥವಾ ಸ್ಪ್ರಿಂಗಿಗೆ ಸೇರಿಸುವ ದಪ್ಪ ಬಿಲ್ಲೆಗಳು, ಅವಕ್ಕೆ ತಕ್ಕ ಷಾಕ್ ಅಬ್ಸಾರ್ಬರುಗಳು. ಇವು ಅಚ್ಚಿಗೂ ಚಾಸಿಗೂ ನಡುವಣ ಅಂತರವನ್ನು ಹೆಚ್ಚಿಸುತ್ತವೆ. ಆದರೆ ಇಂಥ ವಾಹನಗಳಲ್ಲಿ ಅನೇಕವುಗಳ ಹಿಂದಿನ ಅಚ್ಚು ಒಂದೇ ಗಟ್ಟಿ ತೊಲೆ; ಅದರ ನಡುವೆ ಡಿಫರೆನ್ಷಿಯಲ್ಲಿನ ಗುಂಡನೆಯ ಪೆಟ್ಟಿಗೆ ಉಬ್ಬಿಕೊಂಡಿರುತ್ತದೆ. ಬಂಡೆಗೆ ಮೊದಲು ತಾಗುವುದು ಸಾಮಾನ್ಯವಾಗಿ ಅದೇ. ಲಿಫ್ಟ್ ಕಿಟ್ ಅದನ್ನು ಒಂದು ಮಿಲಿಮೀಟರಿನಷ್ಟೂ ಮೇಲೆತ್ತಲಾರದು! ಹೊಟ್ಟೆಯ ಭಾಗ ಮೇಲೇರುತ್ತದೆ, ದೊಡ್ಡ ಟೈರಿಗೆ ಸ್ಥಳ ದೊರೆಯುತ್ತದೆ, ಅಷ್ಟೆ. ಅಚ್ಚು ಏರಬೇಕಾದರೆ ಟೈರೇ ದೊಡ್ಡದಾಗಬೇಕು.

ಟೈರಿನ ಮೇಲೆ 235/70 ಆರ್ 16 ಎಂದು ಬರೆದಿದೆ ಎನ್ನೋಣ. ಅಗಲ 235 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 70; ರಿಮ್ಮಿನ ವ್ಯಾಸ 16 ಅಂಗುಲ. ಒಟ್ಟು ವ್ಯಾಸ ಸುಮಾರು 735 ಮಿ.ಮೀ. ಇದರ ಬದಲು 265/75 ಆರ್ 16 ಹಾಕಿದರೆ ವ್ಯಾಸ ಸುಮಾರು 804 ಮಿ.ಮೀ. ಆಗುವುದು. ಹೆಚ್ಚಳ 69 ಮಿ.ಮೀ., ಅಚ್ಚು ಏರುವುದು ಅದರರ್ಧ, ಸುಮಾರು 34 ಮಿ.ಮೀ. ಆದರೆ ಚಕ್ರದ ಪ್ರತಿ ಸುತ್ತಿಗೂ ವಾಹನ ಶೇಕಡ 9ರಷ್ಟು ಹೆಚ್ಚು ದೂರ ಸಾಗುವುದರಿಂದ, ಮೊದಲು ಸರಿಯಾಗಿದ್ದ ವೇಗಮಾಪಕ ಗಂಟೆಗೆ 80 ಕಿ.ಮೀ. ತೋರಿಸುವಾಗ ನಿಜವಾದ ವೇಗ 87ನ್ನು ಮೀರಿರುತ್ತದೆ.

ಇನ್ನು ಮಗುಚುವ ವಿಚಾರ. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ಉರುಳಿಸಲೆಳಸುವ ಪರಿಣಾಮ ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಅದನ್ನು ತಡೆಯುವ ಪರಿಣಾಮ ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು. ಆದ್ದರಿಂದ ಅರ್ಧ ಅಂತರವನ್ನು ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಒಂದು ಅಳತೆ ದೊರೆಯುತ್ತದೆ. ಅಂತರ 1500 ಮಿ.ಮೀ., ಗುರುತ್ವಕೇಂದ್ರದ ಎತ್ತರ 700 ಮಿ.ಮೀ. ಎಂದು ಭಾವಿಸಿದರೆ ಅದು 1.07. ಗುರುತ್ವಕೇಂದ್ರ 70 ಮಿ.ಮೀ. ಏರಿದರೆ 0.97ಕ್ಕೆ ಇಳಿಯುವುದು. ಇದು ಅಲುಗದ ಕಲ್ಲುದಿಮ್ಮಿಯ ಲೆಕ್ಕ. ಸ್ಪ್ರಿಂಗುಗಳ ಮೇಲೆ ಹೊರಕ್ಕೆ ವಾಲುವ ನಿಜವಾದ ವಾಹನದ ಸ್ಥಿತಿ ಇದಕ್ಕಿಂತ ಕೀಳು. ಒಣ ಡಾಂಬರಿನಲ್ಲಿ ವಾಹನ ಸಾಮಾನ್ಯವಾಗಿ ಮೊದಲು ಜಾರುತ್ತದೆ, ನಿಜ. ಜಾರುತ್ತಿರುವ ಚಕ್ರ ಅಂಚುಗಲ್ಲಿಗೋ ರಸ್ತೆಬದಿಯ ಮೆದುಮಣ್ಣಿಗೋ ಸಿಕ್ಕಿದಾಗಲೇ ಅಪಾಯ.

“ಹಾಗಾದರೆ ಸ್ಪೇಸರ್ ಹಾಕಿ ಅಂತರವನ್ನು ಹೆಚ್ಚಿಸಿದರಾಯಿತಲ್ಲ?” ಎಂದು ಕೆಲವರು ಕೇಳುವರು. ಸ್ಪೇಸರ್ ಎಂಬುದು ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆ. ಬದಿಗೆ 30 ಮಿ.ಮೀ. ದಪ್ಪದ್ದನ್ನು ಹಾಕಿದರೆ ಮೇಲಿನ ಸಂಖ್ಯೆ 1.01 ಆಗುತ್ತದೆ. ಮೊದಲಿನ ಸ್ಥಿರತೆ ಮರಳಿ ಬರಬೇಕಾದರೆ ಬದಿಗೆ 75 ಮಿ.ಮೀ. ಬೇಕು! ಅಷ್ಟರಲ್ಲಿ ಬೇರಿಂಗಿನ ಗತಿ ಏನಾಗುತ್ತದೆ? ನೆಲದ ಒತ್ತುಬಲ ಬೇರಿಂಗಿನಿಂದ ದೂರ ಸರಿದಷ್ಟೂ, ನೀಳವಾದ ಸನ್ನೆಯಂತೆ, ಅದನ್ನು ಹೆಚ್ಚು ಹೆಚ್ಚು ತಿರುಚುತ್ತದೆ. ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟಿಯರಿಂಗು ಕೈಯಲ್ಲಿ ಬಲವಾಗಿ ಜಗ್ಗುವುದೂ ಇದೇ ಕಾರಣದಿಂದ. ಇಲ್ಲಿ ರಿಮ್ಮಿನ ಮೇಲಿನ ಇ.ಟಿ. ಎಂಬ ಗುರುತನ್ನೂ ಓದಬೇಕು. ಇ.ಟಿ. 35 ಇದ್ದಲ್ಲಿ ಅಷ್ಟೇ ಅಗಲದ ಇ.ಟಿ. 10ರ ರಿಮ್ಮನ್ನು ಹಾಕುವುದೂ 25 ಮಿ.ಮೀ. ಸ್ಪೇಸರ್ ಹಾಕುವುದೂ ಬೇರಿಂಗಿಗೆ ಒಂದೇ.

ಚಕ್ರದ ಬೋಲ್ಟುಗಳ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಚಕ್ರವು ಬೋಲ್ಟುಗಳ ಮೇಲೆ ತೂಗುಬಿದ್ದಿರುವುದಿಲ್ಲ. ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ಅತ್ಯಲ್ಪವಾಗಿ ಹಿಗ್ಗಿ, ಚಕ್ರವನ್ನು ಹಬ್ಬಿಗೆ ಅದುಮುತ್ತದೆ. ಆ ಎರಡು ಮುಖಗಳ ನಡುವಣ ಘರ್ಷಣೆಯೇ ಭಾರವನ್ನು ಮುಖ್ಯವಾಗಿ ಹೊರುತ್ತದೆ. ನಡುವೆ ಬಿಲ್ಲೆ ಬಂದರೆ ಒಂದು ಕೂಡುಮುಖದ ಬದಲು ಎರಡಾಗುತ್ತವೆ. ತುಕ್ಕು ಅಥವಾ ಬಣ್ಣದ ಪದರವು ಕುಸಿದಷ್ಟೂ ಹಿಡಿತ ಸಡಿಲವಾಗುತ್ತದೆ. ಸುಮ್ಮನೆ ತೂರಿಸುವ ಬಿಲ್ಲೆಯಾದರೆ ನಟ್ಟಿಗೆ ಸಿಕ್ಕುವ ಮರೆಯ ಉದ್ದವೂ ಕಡಿಮೆಯಾಗುವುದರಿಂದ ಅದು ಎಲ್ಲಕ್ಕಿಂತ ಕೆಟ್ಟದ್ದು. ಯಾವ ಚಕ್ರವನ್ನೇ ಆಗಲಿ, ಬಿಚ್ಚಿ ಜೋಡಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ಟಾರ್ಕ್ ರೆಂಚಿನಿಂದ ಬಿಗಿತವನ್ನು ಮತ್ತೆ ನೋಡಬೇಕು.

ನಮ್ಮ ಅಭಿಪ್ರಾಯದಲ್ಲಿ, ನಿತ್ಯವೂ ಕಾರ್ಡ್ ರಸ್ತೆಯಲ್ಲಿ ಓಡಾಡಿ ಅಪರೂಪಕ್ಕೆ ಕಲ್ಲುದಾರಿ ಹಿಡಿಯುವವನಿಗೆ ಒಳ್ಳೆಯ ಹಿಡಿತದ ಟೈರೇ ಸಾಕು. ಅದೂ ಆ ಮಾದರಿಗೆ ತಯಾರಕರೇ ಒಪ್ಪಿದ ಅಳತೆಯದು.

ಕಾನೂನೂ ಇಲ್ಲಿ ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಮಾಡಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಮೊಕದ್ದಮೆಯೊಂದರಲ್ಲಿ, ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.