ಹ್ಯಾಂಡ್ ಬ್ರೇಕ್ ಹಾಕುವವರು ಯಾರು?

ಗೂಡ್ಸ್ ಗಾಡಿಯನ್ನು ಲೂಪ್ ಲೈನಿಗೆ ತಂದು ನಿಲ್ಲಿಸಿ, ಎಂಜಿನ್ ಕಳಚಿಕೊಂಡು ಹೋಗುವಾಗ ಅದರ ಹ್ಯಾಂಡ್ ಬ್ರೇಕ್ ಹಾಕುವವರು ಯಾರು? ಗಾರ್ಡೋ, ಅಸಿಸ್ಟೆಂಟ್ ಲೋಕೋ ಪೈಲಟ್ಟೋ, ಸ್ಟೇಷನ್ನಿನ ಪಾಯಿಂಟ್ಸ್‌ಮನ್ನೋ? ಹೊರಗಿನವರಿಗೆ ಇದೂ ಒಂದು ಜಗಳವೇ ಅನ್ನಿಸುತ್ತದೆ. ಮೂವರೂ ಸಂಬಳ ತೆಗೆದುಕೊಳ್ಳುವವರೇ ತಾನೆ, ಯಾರಾದರೊಬ್ಬರು ಹಾಕಿದರಾಯಿತು ಎನ್ನುತ್ತಾರೆ. ಗೂಡ್ಸ್ ಗಾರ್ಡಾಗಿ ಸರ್ವೀಸು ಮುಗಿಸಿದವನು ನಾನು. ಮೈಗಳ್ಳತನಕ್ಕೂ ಈ ಜಗಳಕ್ಕೂ ಸಂಬಂಧ ಕಡಿಮೆ ಎಂಬುದನ್ನು ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆದೇ ತಿಳಿದುಕೊಂಡೆ.

ಗಾಡಿಯ ಬ್ರೇಕ್ ಗಾಳಿಯದು. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುವವರೆಗೆ ಚಕ್ರ ಸಡಿಲ, ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ. ಎಂಜಿನ್ ಕಳಚಿದ ಗಾಡಿಯಲ್ಲಿ ಬ್ರೇಕ್ ಹಿಡಿದೇ ಇರುತ್ತದೆ, ನಿಜ. ಆದರೆ ಹೊತ್ತು ಕಳೆದಂತೆ ಪ್ರತಿ ವ್ಯಾಗನ್ನಿನ ಸಿಲಿಂಡರಿನ ಗಾಳಿಯೂ ಸೋರಿ, ಬ್ರೇಕ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಾಡಿಯನ್ನು ಹಿಡಿದಿಡುವುದು ಕೈಯಲ್ಲಿ ತಿರುಗಿಸಿದ ಬ್ರೇಕು, ಚಕ್ರದಡಿಯ ಮರದ ಬೆಣೆ, ಹಳಿಗೆ ಬಿಗಿದ ಸರಪಳಿ, ಇಷ್ಟೇ. ಕ್ಯಾಸಲ್ ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟದಲ್ಲಿ 37 ಅಡಿಗೆ ಒಂದಡಿ ಇಳಿಜಾರು; ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ 50ಕ್ಕೆ ಒಂದು. ಅನಾಹುತಕ್ಕೆ ಅಂಥ ಘಟ್ಟವೇ ಬೇಕೆಂದೇನೂ ಇಲ್ಲ. 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾದಲ್ಲಿ ನಿಲ್ಲಿಸಿದ್ದ ಜಲ್ಲಿ ತುಂಬಿದ ಗಾಡಿ, ಒಳಗೆ ಒಂದು ನರಪಿಳ್ಳೆಯೂ ಇಲ್ಲದೆ, ಸುಮಾರು 70 ಕಿಲೋಮೀಟರ್ ಓಡಿ ಪಂಜಾಬಿನ ಊಂಚಿ ಬಸ್ಸಿ ಹತ್ತಿರ ನಿಂತಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಹಲವರು ಅಮಾನತಾದರು.

ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಮಲೆನಾಡಿನ ಒಂದು ಸಣ್ಣ ಸ್ಟೇಷನ್. ಜುಲೈ ತಿಂಗಳ ಮಳೆ, ನಡುರಾತ್ರಿ ದಾಟಿತ್ತು. ಡ್ರೈವರ್ ಎಂಜಿನ್ನಿನಿಂದ ಇಳಿದು ಬಂದು, “ಮಾಸ್ತರೇ, ನಮ್ಮ ಅವರ್ಸ್ ಮುಗೀತು, ಗಾಡಿ ಇಲ್ಲೇ ಸ್ಟೇಬಲ್ ಮಾಡಿ” ಎಂದರು. ಸ್ಟೇಷನ್ ಮಾಸ್ತರರು ರಿಜಿಸ್ಟರು ನನ್ನ ಮುಂದಿಟ್ಟು, “ಗಾರ್ಡ್ ಸಾಹೇಬ್ರೇ, ಬ್ರೇಕ್ ಹಾಕಿದೀನಿ ಅಂತ ಸೈನ್ ಮಾಡಿ” ಎಂದರು. ಎರಡನೇ ಪಾಯಿಂಟ್ಸ್‌ಮನ್ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಇದ್ದೊಬ್ಬ ಹುಡುಗ ಎದುರಿನ ತುದಿಯಲ್ಲಿ ಇನ್ನೊಂದು ಗಾಡಿಯನ್ನು ದಾಟಿಸುತ್ತಿದ್ದ. “ಹಿಂದಿನದು ನಾನು ಹಾಕ್ತೀನಿ, ಮುಂದಿನದು ನಿಮ್ಮ ಅಸಿಸ್ಟೆಂಟ್ ಹಾಕ್ಲಿ” ಎಂದೆ. “ಅವನಿಗೆ ಇಲ್ಲಿ ಆ ಡ್ಯೂಟಿ ಇದೆ ಅಂತ ಆರ್ಡರ್ ತೋರ್ಸಿ” ಎಂದರು ಡ್ರೈವರ್. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹದಿನಾಲ್ಕು ಗಂಟೆ ಎಚ್ಚರವಿದ್ದವರ ಸುಸ್ತಿತ್ತು.

ವ್ಯಾಗನ್ನಿನ ಹ್ಯಾಂಡ್ ಬ್ರೇಕ್ ಅಂದರೆ ಪಕ್ಕದಲ್ಲಿರುವ ಒಂದು ಕಬ್ಬಿಣದ ಚಕ್ರ. ಮಳೆಗಾಲದಲ್ಲಿ ತುಕ್ಕು ಹಿಡಿದು ಜಗ್ಗುವುದೇ ಇಲ್ಲ. ಎರಡೂ ಕೈ ಕೊಟ್ಟು, ಜಾರುವ ಜಲ್ಲಿಯ ಮೇಲೆ ಕಾಲೂರಿ ತಿರುಗಿಸಬೇಕು. ಅದು ತಿರುಗಿತು ಎಂದ ಮಾತ್ರಕ್ಕೆ ಬ್ರೇಕ್ ಬಿತ್ತು ಎಂದಲ್ಲ. ಬಗ್ಗಿ ಟಾರ್ಚ್ ಹಾಕಿ, ಬ್ರೇಕ್ ಬ್ಲಾಕು ಗಾಲಿಗೆ ಕಚ್ಚಿದೆಯೇ ಎಂದು ಬೂಟಿನಿಂದ ಒದ್ದು ನೋಡಬೇಕು. ಅಲ್ಲಾಡಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮುಂದಿನ ವ್ಯಾಗನ್ನಿಗೆ ಹೋಗಬೇಕು. 58 ವ್ಯಾಗನ್ನಿನ ರೇಕು ಆರುನೂರು ಮೀಟರಿಗೂ ಉದ್ದ. ಎರಡೂ ತುದಿಯ ಬ್ರೇಕ್ ಒಬ್ಬನೇ ಹಾಕಿ ಬರಲು ಹೊರಟರೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಯಾರ ಡ್ಯೂಟಿ ಲೆಕ್ಕದಲ್ಲೂ ಇರಲಿಲ್ಲ. ಆ ರಾತ್ರಿ ಕೊನೆಗೆ ಮಾಸ್ತರರೇ ಕೊಡೆ ಹಿಡಿದು ಬಂದು ಬೆಣೆ ಕೊಟ್ಟರು. ಅಸಿಸ್ಟೆಂಟ್ ಹುಡುಗನೂ ಇಳಿದು ಬಂದ. ಕೆಲಸ ಮುಗಿಯಿತು. ಆದರೆ ನಡೆದದ್ದು ಪರಸ್ಪರ ದಾಕ್ಷಿಣ್ಯದಿಂದ, ನಿಯಮದಿಂದ ಅಲ್ಲ. ನನ್ನ ತಲೆಯಲ್ಲಿ ಕೊರೆಯುತ್ತ ಉಳಿದದ್ದು ಅದೇ.

ಬ್ರೇಕ್ ತಿರುಗಿಸಲು ಯಾರೂ ಹೆದರುವುದಿಲ್ಲ, ಹೆದರುವುದು ಸೈನ್ ಹಾಕಲು. ಗಾಡಿ ಜರುಗಿದರೆ ಚಾರ್ಜ್‌ಶೀಟ್ ಬರುವುದು ರಿಜಿಸ್ಟರಿನಲ್ಲಿ ಹೆಸರಿದ್ದವನಿಗೆ. ಹುದ್ದೆ ಖಾಲಿ ಬಿಟ್ಟವರ ಹೆಸರು ಅದರಲ್ಲಿರುವುದಿಲ್ಲ. ಒಂದು ಹುದ್ದೆ ತುಂಬದೆ ಹೋದಾಗ ಅದರ ಕೆಲಸ ಸದ್ದಿಲ್ಲದೆ ಪಕ್ಕದವನ ಹೆಗಲಿಗೆ ಬರುತ್ತದೆ. ಮೊದಲು ಬಾಯಿಮಾತಿನಲ್ಲಿ, ಆಮೇಲೆ ರೂಢಿಯಲ್ಲಿ, ಕೊನೆಗೆ ಚಾರ್ಜ್‌ಶೀಟಿನಲ್ಲಿ.

ಇದನ್ನು ಕೂತು ಬಗೆಹರಿಸಲು ಜಾಗವೇ ಇಲ್ಲವೇ? ಇದೆ. 1952ರಿಂದ ಪಿಎನ್‌ಎಂ ಎಂಬ ಮಾತುಕತೆಯ ವ್ಯವಸ್ಥೆ ನಡೆಯುತ್ತಿದೆ. ಆದರೆ ಅಲ್ಲಿ ಕೂರುವುದು ಮಾನ್ಯತೆ ಪಡೆದ ಯೂನಿಯನ್ನುಗಳು ಮಾತ್ರ. ಗಾರ್ಡುಗಳದು, ಲೋಕೋ ಪೈಲಟ್ಟುಗಳದು, ಸ್ಟೇಷನ್ ಮಾಸ್ತರರದು ಎಂದು ಇರುವ ಪ್ರತ್ಯೇಕ ಸಂಘಗಳಿಗೆ ಅಲ್ಲಿ ಕುರ್ಚಿಯಿಲ್ಲ. ಮಾನ್ಯತೆ ಪಡೆದ ಯೂನಿಯನ್ನಿಗೆ ಮೂವರೂ ಸದಸ್ಯರೇ. ಒಬ್ಬರ ಪರ ಮಾತಾಡಿದರೆ ಇನ್ನಿಬ್ಬರು ಮುನಿಸಿಕೊಳ್ಳುತ್ತಾರೆ, ಹಾಗಾಗಿ ವಿಷಯ ಎತ್ತುವುದೇ ಇಲ್ಲ. ನಮ್ಮ ಸಂಘವಾದರೂ “ಅದು ನಮ್ಮ ಕೆಲಸವಲ್ಲ” ಎಂಬ ಒಂದೇ ಮಾತಿಗೆ ಜೋತುಬಿದ್ದದ್ದು ನನಗೆ ಹಿಡಿಸಿರಲಿಲ್ಲ. ಎಷ್ಟು ಬ್ರೇಕ್, ಎಷ್ಟು ಹೊತ್ತು, ಎಷ್ಟು ಜನ ಎಂದು ಬರೆದು ಕೊಟ್ಟ ಮೇಲೆಯೇ ಅಧಿಕಾರಿಗಳು ಕಿವಿಗೊಟ್ಟದ್ದು. ಮುಂದಿನ ತುದಿ ಅಸಿಸ್ಟೆಂಟಿನದು, ಹಿಂದಿನದು ಗಾರ್ಡಿನದು, ಬೆಣೆ ಸರಪಳಿ ಸ್ಟೇಷನ್ನಿನವರದು, ಮೂವರ ಸೈನ್ ಬಿದ್ದ ಮೇಲೆಯೇ ಡ್ಯೂಟಿ ಮುಗಿದ ಲೆಕ್ಕ: ನಮ್ಮಲ್ಲಿ ಇಷ್ಟು ಕಾಗದಕ್ಕೆ ಬಂದಾಗ ಮಾಸ್ತರರಿಗೂ ನಮಗೂ ನಡುವಿನ ಸಿಡುಕು ಎಷ್ಟೋ ಕಡಿಮೆಯಾಯಿತು.

ಎಂಜಿನ್ನಿಗೂ ಬೋಗಿಗೂ ನಡುವೆ ನುಗ್ಗಿ ಕಪ್ಲಿಂಗ್ ಬಿಚ್ಚುವ ಕೆಲಸದ ಬಗ್ಗೆ ಇದೇ ಕಟ್ಟುನಿಟ್ಟು ಇನ್ನೂ ಹೆಚ್ಚಾಗಿ ಬೇಕು. 2024ರ ನವೆಂಬರಿನಲ್ಲಿ ಬಿಹಾರದ ಬರೌನಿಯಲ್ಲಿ ಶಂಟಿಂಗ್ ಕೆಲಸದವನೊಬ್ಬ ಹಾಗೆ ನಡುವೆ ಸಿಕ್ಕಿ ಸತ್ತ. ಒಳಗೆ ಇಳಿಯುವವನು ಯಾರು, ಡ್ರೈವರಿಗೆ ಕೈ ತೋರಿಸುವವನು ಯಾರು ಎಂಬ ಪ್ರಶ್ನೆಯಲ್ಲಿ ಒಂದು ಜೀವ ಇರುತ್ತದೆ. ಕೆಲಸ ಹಂಚಿಕೆಯ ಮಾತು ಎತ್ತಿದವರನ್ನು ತಕರಾರಿನವರು ಎಂದು ಬದಿಗೆ ತಳ್ಳುವುದನ್ನು ನಾನು ಒಪ್ಪಲಾರೆ.

ಇಂಗ್ಲೆಂಡಿನ ಸದರ್ನ್ ರೈಲುಗಳಲ್ಲಿ 2016ರಲ್ಲಿ ಶುರುವಾದ ಮುಷ್ಕರಗಳಿಗೂ ಇಂಥದ್ದೇ ಕಾರಣ. ಬಾಗಿಲು ಮುಚ್ಚುವುದು ಗಾರ್ಡಿನ ಕೆಲಸವೋ ಡ್ರೈವರಿನದೋ ಎಂದು ಅಲ್ಲಿ ವಾದ. ನಮ್ಮಲ್ಲಿ 2022ರ ಜನವರಿಯಿಂದ ಗಾರ್ಡಿಗೆ ಟ್ರೇನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ. ಇನ್ನೊಂದೆಡೆ, ಗೂಡ್ಸ್ ಗಾಡಿಯ ಬಾಲಕ್ಕೆ ಟೆಲಿಮೆಟ್ರಿ ಪೆಟ್ಟಿಗೆ ಕಟ್ಟಿ ಗಾರ್ಡಿಲ್ಲದೆ ಓಡಿಸುವ ಪ್ರಯೋಗವೂ ನಡೆದಿದೆ. ಆ ಪೆಟ್ಟಿಗೆ ಬ್ರೇಕ್ ಪೈಪಿನ ಒತ್ತಡ ಹೇಳುತ್ತದೆ, ಗಾಡಿ ತುಂಡಾದರೆ ತಿಳಿಸುತ್ತದೆ. ಹ್ಯಾಂಡ್ ಬ್ರೇಕ್ ಮಾತ್ರ ತಿರುಗಿಸಲಾರದು. ಅದಕ್ಕೆ ಎಂಜಿನ್ನಿನಿಂದ ಒಬ್ಬರು ಇಳಿದು ಆರುನೂರು ಮೀಟರ್ ನಡೆದು ಬರಬೇಕು. ಯಾರು ಬರುತ್ತಾರೆ, ಅಷ್ಟು ಹೊತ್ತು ಯಾವ ಲೆಕ್ಕಕ್ಕೆ ಎಂಬುದನ್ನು ಪೆಟ್ಟಿಗೆ ಕಟ್ಟುವ ಮೊದಲೇ ಲೋಕೋ ಪೈಲಟ್, ಮಾಸ್ತರ್, ಪಾಯಿಂಟ್ಸ್‌ಮನ್ ಎಲ್ಲರನ್ನೂ ಒಂದೇ ಮೇಜಿಗೆ ಕರೆದು ಬರೆದಿಡಿ ಎಂದು ನಾನು ಕಂಡ ಅಧಿಕಾರಿಗಳಿಗೆಲ್ಲ ಈಗಲೂ ಹೇಳುತ್ತಿದ್ದೇನೆ.