ಎಡಗಡೆಯ ಸೀಟು

ಮಣಿಪುರದ ಮೋರೆ ದಾಟಿ ಮ್ಯಾನ್ಮಾರ್‌ನ ತಮು ಸೇರಿದ ಕೂಡಲೇ ಗಾಡಿ ರಸ್ತೆಯ ಬಲಕ್ಕೆ ಸರಿಯಬೇಕು. ಥಾಯ್ಲೆಂಡಿನಲ್ಲಿ ಮತ್ತೆ ಎಡಕ್ಕೆ. ಮೆಕಾಂಗ್ ನದಿ ದಾಟಿ ಲಾವೋಸಿಗೆ ಹೋದರೆ ಪುನಃ ಬಲಕ್ಕೆ. ಅಲ್ಲಿಂದ ಮುಂದೆ ಚೀನಾ, ಕಿರ್ಗಿಸ್ತಾನ, ತಜಿಕಿಸ್ತಾನ, ಉಜ್ಬೇಕಿಸ್ತಾನ, ಕಝಾಕಸ್ತಾನ, ರಷ್ಯಾ, ಯುರೋಪು, ಎಲ್ಲಾ ಕಡೆಯೂ ಬಲಕ್ಕೇ. ಇಂಗ್ಲೆಂಡ್ ಮುಟ್ಟಿದ ಮೇಲಷ್ಟೇ ಎಡಕ್ಕೆ. ನಮ್ಮದು ಭಾರತದ ಗಾಡಿ, ಸ್ಟಿಯರಿಂಗ್ ಬಲಗಡೆ. 2019ರಲ್ಲಿ ನಾನೂ ನನ್ನ ಗಂಡನೂ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹೋದಾಗ ನಮ್ಮಿಬ್ಬರ ಕೆಲಸ ಹಂಚಿಕೆಯಾದದ್ದು ಈ ಒಂದು ಸಂಗತಿಯಿಂದ.

ರಸ್ತೆಯ ಬಲಗಡೆ ಓಡುವ ಗಾಡಿಯಲ್ಲಿ ಬಲಕ್ಕೆ ಕೂತು ಓಡಿಸುವವರಿಗೆ ರಸ್ತೆಯ ಅಂಚು ಚೆನ್ನಾಗಿ ಕಾಣುತ್ತದೆ. ಮುಂದಿನ ಲಾರಿಯ ಆಚೆ ಏನಿದೆ ಎಂಬುದು ಕಾಣುವುದಿಲ್ಲ. ನಡುಗೆರೆಯ ಪಕ್ಕ ಇರುವುದು ಎಡಗಡೆಯ ಸೀಟು. ಎದುರಿನಿಂದ ಬರುವುದು ಮೊದಲು ಕಾಣುವುದು ಅಲ್ಲಿ ಕೂತವರಿಗೆ. ಅಂದರೆ ಓವರ್‌ಟೇಕ್ ಮಾಡುವ ಕಾಲು ಒಬ್ಬರದು, ಕಣ್ಣು ಇನ್ನೊಬ್ಬರದು.

ನಮ್ಮ ನಡುವೆ ಎರಡೇ ಮಾತು: ‘ತಡೀರಿ’, ‘ಹೋಗಿ’. ‘ಹೋಗಬಹುದೇನೋ’, ‘ನೋಡೋಣ’ ಎನ್ನುವಂತಿಲ್ಲ. ನಾವು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದು ಎದುರಿನವನೂ 90ರಲ್ಲಿ ಬರುತ್ತಿದ್ದರೆ ನಡುವಿನ ಅಂತರ ಸೆಕೆಂಡಿಗೆ 50 ಮೀಟರ್ ಕರಗುತ್ತದೆ. ಉದ್ದನೆಯ ಟ್ರೇಲರ್ ದಾಟಲು 10 ಸೆಕೆಂಡು ಬೇಕೆಂದರೆ ಅರ್ಧ ಕಿಲೋಮೀಟರ್ ಖಾಲಿ ಇದ್ದೂ ಸಾಲದು. ಪಶ್ಚಿಮ ಕಝಾಕಸ್ತಾನದ ಬಯಲಿನಲ್ಲಿ ರಸ್ತೆ ಕಣ್ಣು ಹರಿಯುವಷ್ಟು ದೂರ ನೆಟ್ಟಗಿರುತ್ತದೆ; ಮಧ್ಯಾಹ್ನ ಬಿಸಿಲ್ಗುದುರೆ ಎದ್ದಾಗ ದೂರದ ಲಾರಿ ನಿಂತಿದೆಯೋ ಬರುತ್ತಿದೆಯೋ ತಿಳಿಯದು. ಅಂಥಲ್ಲಿ ನನಗೆ ಖಾತ್ರಿಯಾಗುವವರೆಗೆ ‘ತಡೀರಿ’ ಎನ್ನುತ್ತಿದ್ದೆ, ಎಷ್ಟು ಹೊತ್ತಾದರೂ. ಅವರು ಒಮ್ಮೆಯೂ ಮರುಪ್ರಶ್ನೆ ಹಾಕಲಿಲ್ಲ. ನಾನು ಓಡಿಸುವಾಗ ಎಡಕ್ಕೆ ಅವರು, ಅವರ ಮಾತಿಗೆ ನಾನು. ನನಗೆ ಕಾಣದ ರಸ್ತೆಗೆ ಇನ್ನೊಬ್ಬರ ಮಾತು ನಂಬಿ ಆಕ್ಸಿಲರೇಟರ್ ಒತ್ತುವುದು ಮೊದಮೊದಲು ಕಷ್ಟವೇ ಆಗಿತ್ತು. ಮದುವೆಯಾಗಿ ಬಹಳ ವರ್ಷಗಳಾಗಿದ್ದರೂ ಹೀಗೆ ನಂಬುವ ಪ್ರಸಂಗ ಮನೆಯಲ್ಲಿ ಎಲ್ಲಿ ಬರುತ್ತದೆ?

ಎಡಗಡೆ ಕೂತವರಿಗೂ ಡ್ರೈವಿಂಗ್ ಚೆನ್ನಾಗಿ ಬರಬೇಕು ಎನ್ನುವುದು ಇದಕ್ಕೇ. ನಮ್ಮ ಗಾಡಿ ತುಂಬಿದ ಭಾರದಲ್ಲಿ, ಏರಿನಲ್ಲಿ ಎಷ್ಟು ಬೇಗ ಎಳೆಯುತ್ತದೆಂದು ಸ್ವತಃ ಓಡಿಸಿ ತಿಳಿಯದವರ ‘ಹೋಗಿ’ಗೆ ಬೆಲೆ ಇಲ್ಲ. ಚೀನಾದ ಕಾಗದಪತ್ರ ಮಾಡಿಸುವಾಗ ‘ಡ್ರೈವರ್ ಒಬ್ಬರ ಹೆಸರು ಸಾಕಲ್ಲ’ ಎಂದರು ಮಾಡಿಸಿಕೊಡುವವರು. ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ನಡೆಯುವುದಿಲ್ಲ. ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರ್ ಪ್ಲೇಟು ಚೀನಾದವರೇ ಕೊಡುತ್ತಾರೆ, ಗಡಿಯಿಂದ ಗಡಿಯವರೆಗೆ ಗೈಡ್ ಜೊತೆಗಿರಬೇಕು. ನಾವು ಹಟ ಹಿಡಿದು ಇಬ್ಬರ ಹೆಸರಿಗೂ ಲೈಸೆನ್ಸು ಮಾಡಿಸಿದೆವು. ಯುನ್ನಾನ್‌ನಿಂದ ಕಾಶ್ಗರ್‌ವರೆಗಿನ ದೂರ ನೆನೆದರೆ, ಒಬ್ಬರೇ ಓಡಿಸುವುದು ಅಪಾಯವೆಂದೇ ನನ್ನ ಖಚಿತ ಅಭಿಪ್ರಾಯ.

ಹೆಚ್ಚು ಕಲಿಸಿದ್ದು ಪಾಮಿರ್. ಕಾಶ್ಗರ್ ಬಿಟ್ಟು ಇರ್ಕೆಷ್ಟಾಮ್ ಗಡಿ ದಾಟಿ, ಕಿರ್ಗಿಸ್ತಾನದ ಸರಿ-ತಾಷ್‌ನಿಂದ ದಕ್ಷಿಣಕ್ಕೆ ತಿರುಗಿದರೆ ಎಂ41 ಹೆದ್ದಾರಿ 4,280 ಮೀಟರ್‌ನ ಕಿಝಿಲ್-ಆರ್ಟ್ ಕಣಿವೆದಾರಿ ಹತ್ತಿ ತಜಿಕಿಸ್ತಾನಕ್ಕೆ ಇಳಿಯುತ್ತದೆ. ಕರಕುಲ್ ಸರೋವರ 3,900 ಮೀಟರ್ ಎತ್ತರದಲ್ಲಿದೆ. ಅದರಾಚೆಯ ಅಕ್-ಬೈತಲ್ 4,655 ಮೀಟರ್, ಆ ಹೆದ್ದಾರಿಯ ನೆತ್ತಿ. ಕಾಶ್ಗರ್ ಇರುವುದು ಸುಮಾರು 1,300 ಮೀಟರ್‌ನಲ್ಲಿ. ಅಲ್ಲಿಂದ ಒಂದೇ ಓಟಕ್ಕೆ ಕರಕುಲ್ ಸೇರಿ ಮಲಗುವುದು ದೇಹಕ್ಕೆ ಒಳ್ಳೆಯದಲ್ಲ. ಅದಕ್ಕೇ 3,170 ಮೀಟರ್‌ನ ಸರಿ-ತಾಷ್‌ನಲ್ಲಿ ತಂಗಿ, ಮೈ ಒಗ್ಗಿದ ಮೇಲೆ ಹತ್ತಿದೆವು. ತಲೆನೋವು ಬಂದರೆ ಮುಚ್ಚಿಡಬಾರದು ಎಂಬುದು ನಮ್ಮ ಕಟ್ಟುನಿಟ್ಟು. ಎತ್ತರದಲ್ಲಿ ಮಂಕು ಕವಿದದ್ದು ಕವಿದವರಿಗೇ ಗೊತ್ತಾಗುವುದಿಲ್ಲ. ಹೇಳಿದ್ದನ್ನೇ ಹೇಳುವುದು, ಗೇರ್ ತಡಕಾಡುವುದು, ಸುಮ್ಮಸುಮ್ಮನೆ ಸಿಡುಕುವುದು ಕಂಡರೆ ಪಕ್ಕದವರು ಗಾಡಿ ನಿಲ್ಲಿಸಿ ಸ್ಟಿಯರಿಂಗ್ ತೆಗೆದುಕೊಳ್ಳಬೇಕು.

ಗುಡಾರದ ಬೆಳ್ಳನೆಯ ಚುಕ್ಕೆಗಳು, ಯಾಕ್ ಹಿಂಡು ಬಿಟ್ಟರೆ ಮೈಲಿಗಟ್ಟಲೆ ಏನೂ ಇಲ್ಲ. ಮರವೇ ಇಲ್ಲದ ನೆಲ. ಮುರ್ಗಾಬ್ ಸುತ್ತಿನ ಮನೆಗಳಲ್ಲಿ ಯಾಕ್ ಸಗಣಿಯ ಬೆರಣಿ, ತೆರೆಸ್ಕೆನ್ ಎಂಬ ಗಿಡ್ಡ ಪೊದೆಯೇ ಉರುವಲು. ಅಷ್ಟು ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ; ಅನ್ನ ಎಷ್ಟು ಕುದಿಸಿದರೂ ನಡುಗಾಳು ಬೇಯುವುದಿಲ್ಲ. ಕುಕ್ಕರ್ ಇದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ. ನಮ್ಮನ್ನು ಕಾಪಾಡಿದ್ದು ಗೊಜ್ಜವಲಕ್ಕಿ. ತರಿಯಾಗಿ ಪುಡಿ ಮಾಡಿದ ಅವಲಕ್ಕಿ, ಹುಣಸೆ, ಬೆಲ್ಲ, ಸಾರಿನ ಪುಡಿ ಎಲ್ಲ ಬೆರೆಸಿ ಒಣದಾಗಿ ಡಬ್ಬಿ ತುಂಬಿಕೊಂಡಿದ್ದೆ. ನೀರು ಹಾಕಿ ನೆನೆಸಿದರೆ ಊಟ, ಒಲೆಯ ಹಂಗಿಲ್ಲ. ಉಳಿದುಕೊಂಡ ಮನೆಯಾಕೆ ತಾನೇ ಸುಟ್ಟ ರೊಟ್ಟಿ ಕೊಟ್ಟು ಒಂದು ಬಟ್ಟಲು ಗೊಜ್ಜವಲಕ್ಕಿ ತಿಂದಳು, ಮತ್ತೆ ಬಟ್ಟಲು ಮುಂದೆ ಮಾಡಿದಳು. ಆ ಸಂತೋಷವನ್ನು ನಾನು ಹೇಗೆ ಹೇಳಲಿ!

ಖೊರೊಗ್‌ನಿಂದ ಮುಂದೆ ಪಂಜ್ ನದಿ ಎಡಕ್ಕೆ. ಆಚೆ ದಡ ಆಫ್ಘಾನಿಸ್ತಾನ. ಕತ್ತೆಯ ಮೇಲೆ ಹುಲ್ಲು ಹೇರಿಕೊಂಡು ಹೋಗುವವರ ಮುಖ ಕಾಣುವಷ್ಟು ಹತ್ತಿರ. ರಸ್ತೆ ಬಂಡೆ ಕಡಿದು ಮಾಡಿದ್ದು, ಎದುರಿನಿಂದ ಸರಕಿನ ಲಾರಿಗಳು. ಬಲಗಡೆಯ ಬಂಡೆ ಎಷ್ಟು ದೂರ ಎಂಬುದು ಓಡಿಸುವವರಿಗೆ ಕಾಣುತ್ತದೆ. ಲಾರಿಗೂ ನಮ್ಮ ಎಡಗನ್ನಡಿಗೂ ನಡುವೆ ಒಂದು ಗೇಣೋ ಎರಡು ಬೆರಳೋ ಎಂಬುದನ್ನು ಎಡಗಡೆಯವರು ಹೇಳುತ್ತಲೇ ಇರಬೇಕು. ಜಲ್ಲಿಯ ದಾರಿಯಲ್ಲಿ ಟೈರಿನ ಗಾಳಿ 25 ಪಿಎಸ್‌ಐಗೆ ಇಳಿಸಿದರೆ ಹಿಡಿತವೂ ಹೆಚ್ಚು, ಸಸ್ಪೆನ್ಷನ್ನಿಗೂ ಸುಖ. ಡಾಂಬರು ಸಿಕ್ಕ ಕೂಡಲೇ ತುಂಬಬೇಕು. ಆದ್ದರಿಂದ ಗಾಳಿ ಪಂಪು ಕೈಗೆ ಸಿಗುವಂತಿರಲಿ, ಸಾಮಾನಿನ ಅಡಿಯಲ್ಲಲ್ಲ.

ದಾರಿಯುದ್ದಕ್ಕೂ ಒಂದು ವ್ಯತ್ಯಾಸ ನನಗೆ ನಿಚ್ಚಳವಾಯಿತು. ‘ಎದುರಿಗೆ ಲಾರಿ ಬರ್ತಿದೆ’ ಎಂದರೆ ಸುದ್ದಿ. ಓಡಿಸುವವರಿಗೆ ಅದು ಬೇಕು. ‘ಸ್ವಲ್ಪ ನಿಧಾನ ಹೋಗಬಾರದಾ’ ಎಂದರೆ ಟೀಕೆ. ಅದು ಕಿವಿಗೆ ಬಿದ್ದೊಡನೆ ಮನಸ್ಸು ರಸ್ತೆ ಬಿಟ್ಟು ಜಗಳದ ಕಡೆ ತಿರುಗುತ್ತದೆ. ಚಾಲನೆಯ ಕುರಿತ ಮಾತೆಲ್ಲ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಎಂದು ಒಪ್ಪಿಕೊಂಡೆವು, ಕೊನೆಯವರೆಗೂ ಹಾಗೇ ನಡೆದುಕೊಂಡೆವು.

ಉಜ್ಬೇಕಿಸ್ತಾನದಲ್ಲಿ ಬಹಳಷ್ಟು ಗಾಡಿಗಳು ಗ್ಯಾಸಿನಲ್ಲಿ ಓಡುವುದರಿಂದ ಡೀಸೆಲ್ ಹುಡುಕಬೇಕು. ಕ್ಯಾನ್ ತುಂಬಿಕೊಂಡೇ ಗಡಿ ದಾಟುವುದು ಜಾಣತನ. ಯುರೋಪಿನ ಟೋಲ್ ಯಂತ್ರಗಳು ಎಡಗಡೆಗೆ, ಹಣ ಕೊಡುವುದೂ ಎಡಸೀಟಿನವರ ಪಾಲು. ನಮ್ಮ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯದಂತೆ ಸ್ಟಿಕ್ಕರ್ ಹಚ್ಚಬೇಕು.

2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು, 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿಯಿತು. ನಾವು ಹೋದ ಮೋರೆ-ತಮು ಬಾಗಿಲಿನ ಎರಡೂ ಕಡೆಯ ಜನರ ಪಾಡು ನೆನೆದರೆ ಸಂಕಟವಾಗುತ್ತದೆ. ಬೇರೆ ದಾರಿ ಹಿಡಿದು ಹೊರಡುವ ದಂಪತಿಗಳು ಸಲಹೆ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಆರ್‌ಟಿಒದಲ್ಲಿ ಇಬ್ಬರೂ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಅದರ ಅವಧಿ ಒಂದೇ ವರ್ಷ. ಗಾಡಿಯ ಕಸ್ಟಮ್ಸ್ ದಾಖಲೆಯಾದ ಕಾರ್ನೆಗೂ ಸಾಮಾನ್ಯವಾಗಿ ಒಂದೇ ವರ್ಷ. ಅದನ್ನು ಕೇಳುವ ದೇಶಗಳಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಠಸ್ಸೆ ಬಿದ್ದಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿ. ಮತ್ತು ಹೊರಡುವ ಮುನ್ನ ಸಾಮಾನು ತುಂಬಿದ ಗಾಡಿಯನ್ನು ಚಾರ್ಮಾಡಿ ಘಾಟಿಯಲ್ಲಿ ಹತ್ತಿಸಿ ಇಳಿಸಿ, ಇಬ್ಬರೂ.