ಇವಾನ್ ಇಲಿಚನ ಮರಣ: ಒಂದು ಚಿಂತನೆ

ದಸರೆ ಸಮೀಪಿಸಿತೆಂದರೆ ಸುಲ್ತಾನ್ ಬಜಾರಿನ ಬೀದಿಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಸೀರೆ, ಬಳೆಗಳೊಡನೆ ಬಾಗಿಲು ಕಿಟಕಿಗಳಿಗೆ ಹೊಸ ಪರದೆಯ ಬಟ್ಟೆಯನ್ನೂ ಚೌಕಾಸಿ ಮಾಡಿ ಕೊಂಡೊಯ್ಯುವ ಗೃಹಸ್ಥರು ಅನೇಕರು. ಮನೆಯು ಒಪ್ಪವಾಗಿರಬೇಕೆಂಬ ಈ ಆಸೆಯಲ್ಲಿ ದೋಷವೇನೂ ಇಲ್ಲ. ಆದರೆ ಇಂತಹುದೇ ಒಂದು ಪರದೆಯನ್ನು ಕಟ್ಟಿಸಲು ಹೋಗಿ ಮೃತ್ಯುವಿಗೆ ಮುಖಾಮುಖಿಯಾದ ಗೃಹಸ್ಥನೊಬ್ಬನ ಕಥೆಯನ್ನು ರಷ್ಯದ ಮಹಾಲೇಖಕ ಲಿಯೋ ಟಾಲ್‌ಸ್ಟಾಯ್ (1828–1910) ಬರೆದಿದ್ದಾರೆ. 1886ರಲ್ಲಿ ಪ್ರಕಟವಾದ ‘ಇವಾನ್ ಇಲಿಚನ ಮರಣ’ವೇ ಆ ಕಥೆ.

ಇವಾನ್ ಇಲಿಚ್ ನ್ಯಾಯಾಲಯದ ಉನ್ನತಾಧಿಕಾರಿ, ವಯಸ್ಸು ನಲವತ್ತೈದು. ಕೆಲಸದಲ್ಲಿ ಪ್ರಾಮಾಣಿಕ. ಬಡ್ತಿ, ಸಂಬಳ, ನಾಲ್ವರು ಮೆಚ್ಚುವ ಮನೆ, ಸಂಜೆಯ ಇಸ್ಪೀಟಾಟ: ಇವೇ ಅವನ ಬದುಕು. ಪರದೆಯನ್ನು ಹೇಗೆ ಇಳಿಬಿಡಬೇಕೆಂದು ಕೆಲಸದವನಿಗೆ ತೋರಿಸಲು ಏಣಿಯೇರಿದವನು ಜಾರುತ್ತಾನೆ. ಪಕ್ಕೆಗೆ ಕಿಟಕಿಯ ಹಿಡಿ ತಗಲುತ್ತದೆ. ಸಣ್ಣ ನೋವು ಕ್ರಮೇಣ ಮಾರಕ ವ್ಯಾಧಿಯಾಗುತ್ತದೆ. ವೈದ್ಯರು ಮೂತ್ರಪಿಂಡವೋ ಕರುಳೋ ಎಂದು ಚರ್ಚಿಸುವರೇ ಹೊರತು, ತಾನು ಉಳಿಯುವೆನೇ ಎಂಬ ಅವನ ಪ್ರಶ್ನೆಗೆ ಉತ್ತರಿಸುವುದಿಲ್ಲ. ತಾನು ಕಟಕಟೆಯವರನ್ನು ಕಾಣುತ್ತಿದ್ದ ದೃಷ್ಟಿಯಿಂದಲೇ ವೈದ್ಯನು ತನ್ನನ್ನು ಕಾಣುತ್ತಿರುವನೆಂದು ಆಗ ಅವನಿಗೆ ಹೊಳೆಯುತ್ತದೆ.

ಟಾಲ್‌ಸ್ಟಾಯ್ ಕಥೆಯನ್ನು ಆರಂಭಿಸುವುದೇ ಸಾವಿನ ಸುದ್ದಿಯಿಂದ. ಅದನ್ನು ಕೇಳಿದ ಸಹೋದ್ಯೋಗಿಗಳ ಮನಸ್ಸಿಗೆ ಮೊದಲು ಬರುವುದು ತೆರವಾದ ಸ್ಥಾನ ಯಾರಿಗೆಂಬ ಲೆಕ್ಕ. ಅನಂತರ, ಸತ್ತವನು ತಾನಲ್ಲವೆಂಬ ಸಮಾಧಾನ. ಕಚೇರಿಯನ್ನು ಕಂಡವರಾರೂ ಇದನ್ನು ಅತಿಶಯೋಕ್ತಿಯೆನ್ನಲಾರರು.

ರೋಗಿಯನ್ನು ನೋವಿಗಿಂತಲೂ ಹೆಚ್ಚಾಗಿ ಬಾಧಿಸುವುದು ಸುತ್ತಲಿನವರ ಸುಳ್ಳು. ಸಾಯುತ್ತಿರುವನೆಂದು ಎಲ್ಲರೂ ಬಲ್ಲರು. ಗುಣವಾಗುವುದೆಂದು ಎಲ್ಲರೂ ನಟಿಸುವರು. ನಟಿಸದವನು ಗೆರಾಸಿಂ ಎಂಬ ಹಳ್ಳಿಯ ಸೇವಕನೊಬ್ಬನೇ. ಯಜಮಾನನ ಕಾಲುಗಳನ್ನು ಹೆಗಲ ಮೇಲೆ ಹೊತ್ತು ಅವನು ರಾತ್ರಿಗಳನ್ನು ಕಳೆಯುತ್ತಾನೆ. ತಾನೂ ಸಾಯುವವನೇ, ಆಗ ತನಗೂ ಯಾರಾದರೂ ಹೀಗೆ ಮಾಡಿಯಾರೆಂಬುದು ಅವನ ಸರಳ ವೇದಾಂತ.

ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ ದೃಷ್ಟಾಂತವೊಂದಿದೆ. ಬಾವಿಯೊಳಗೆ ಬಳ್ಳಿಗೆ ಸಿಕ್ಕಿ ತೂಗುವ ಮನುಷ್ಯ; ಕೆಳಗೆ ಸರ್ಪ; ಮೇಲೆ ಹಗಲು ರಾತ್ರಿಗಳೆಂಬ ಬಿಳಿ ಕಪ್ಪು ಇಲಿಗಳು ಕಡಿಯುತ್ತಿವೆ; ಅವನಾದರೋ ಜೇನಿನ ಹನಿಗೆ ಬಾಯೊಡ್ಡಿದ್ದಾನೆ. ಜೈನರಲ್ಲಿ ಇದು ಮಧುಬಿಂದು ದೃಷ್ಟಾಂತವೆಂದು ಪ್ರಸಿದ್ಧ. ಈ ಕಥೆಗೆ ಕೆಲವು ವರ್ಷ ಮೊದಲು ಬರೆದ ಆತ್ಮನಿವೇದನೆಯಲ್ಲಿ ಟಾಲ್‌ಸ್ಟಾಯ್ ಇದೇ ದೃಷ್ಟಾಂತವನ್ನು ಪೂರ್ವದೇಶದ ಕಥೆಯೆಂದು ನೆನೆದು, ಅದು ತಮ್ಮದೇ ಸ್ಥಿತಿಯೆಂದಿದ್ದಾರೆ. ಇವಾನ್ ಇಲಿಚನೂ ಆ ಬಾವಿಯವನೇ. ಮನುಷ್ಯರೆಲ್ಲರೂ ಮರ್ತ್ಯರೆಂಬ ತರ್ಕವನ್ನು ಅವನು ಶಾಲೆಯಲ್ಲಿ ಕಲಿತಿದ್ದನು. ಅದು ತನಗೂ ಅನ್ವಯಿಸುವುದೆಂದು ಮಾತ್ರ ನಂಬಿರಲಿಲ್ಲ.

ಕೊನೆಯ ಮೂರು ದಿನ ಅವನದು ಒಂದೇ ಆಕ್ರಂದನ. ಅಂತ್ಯಕ್ಕೆ ಸ್ವಲ್ಪ ಮುನ್ನ ಅವನ ಕೈ ಮಗನ ತಲೆಗೆ ತಾಗುತ್ತದೆ. ಬಾಲಕನು ಆ ಕೈಯನ್ನು ತುಟಿಗೊತ್ತಿಕೊಂಡು ಅಳುತ್ತಾನೆ. ಮಗನ ಮೇಲೆ, ಹೆಂಡತಿಯ ಮೇಲೆ ಅವನಿಗೆ ಕನಿಕರ ಹುಟ್ಟುತ್ತದೆ. ತನ್ನಿಂದ ಇವರಿಗೆ ನೋವಾಗಬಾರದೆನಿಸುತ್ತದೆ. ಆ ಕ್ಷಣದಲ್ಲಿ ಮೃತ್ಯುಭಯವನ್ನು ಹುಡುಕಿದರೆ ಅದು ಇಲ್ಲ; ಬೆಳಕು ಮಾತ್ರ ಇದೆ.

ಅಂತ್ಯಕಾಲದ ಸ್ಮರಣೆಗಾಗಿ ಸರ್ವಕಾಲದ ಅಭ್ಯಾಸ ಬೇಕೆಂದು ಗೀತೆಯ ಎಂಟನೆಯ ಅಧ್ಯಾಯ ಬೋಧಿಸುತ್ತದೆ. ಅಭ್ಯಾಸವಿಲ್ಲದವನಿಗೆ ಗತಿಯೇನು? ಭಾಗವತದಲ್ಲಿ ಪರೀಕ್ಷಿತನಿಗೆ ಏಳು ದಿನವಿತ್ತು. ಖಟ್ವಾಂಗ ರಾಜರ್ಷಿಗೆ ಒಂದೇ ಮುಹೂರ್ತ ಸಾಕಾಯಿತು. ಇವಾನ್ ಇಲಿಚನು ಖಟ್ವಾಂಗನಂತೆ ಹರಿಯನ್ನು ಶರಣು ಹೊಕ್ಕವನಲ್ಲ. ಆದರೂ ‘ನಾನು’ ಎಂಬುದನ್ನು ಬಿಟ್ಟು ಅನ್ಯರ ದುಃಖವನ್ನು ಕಂಡೊಡನೆ ಅವನಿಗೂ ದಾರಿ ತೆರೆಯಿತು. ಆದರೆ ಆ ಒಂದು ಮುಹೂರ್ತಕ್ಕಾಗಿ ಕಾಯುವುದು ವಿವೇಕವಲ್ಲ.

ಪರದೆ ಕಟ್ಟುವುದು ತಪ್ಪಲ್ಲ. ಅದರ ಹಿಂದೆ ಮಲಗಿರುವವರನ್ನು ಮರೆಯುವುದು ತಪ್ಪು. ನಗರದ ಇಕ್ಕಟ್ಟಿನ ಮನೆಗಳಲ್ಲೂ ಹಾಸಿಗೆ ಹಿಡಿದ ಹಿರಿಯರಿರುತ್ತಾರೆ. ಈ ನವರಾತ್ರಿಯಲ್ಲಿ ದೇವಿಗೆ ದೀಪ ಹಚ್ಚಿದ ಮೇಲೆ, ಅವರ ಬಳಿ ಅರ್ಧಗಂಟೆ ಕುಳಿತು, ಹುಸಿ ಸಮಾಧಾನಗಳನ್ನು ಬದಿಗಿಟ್ಟು ಅವರ ಕಾಲೊತ್ತಿದರೆ, ಅದೂ ಪೂಜೆಯ ಒಂದು ಅಂಗವೇ ಆದೀತು.